ಬಿಸಿಯಾದ ಮೇಲೆ ನಿಲ್ಲುವ ಜೋಂಗಾ: ಕರೆಂಟಾ, ಪೆಟ್ರೋಲಾ?

ಬೆಳಿಗ್ಗೆ ಒಂದೇ ಸಲ ಸೆಲ್ಫ್ (ಸ್ಟಾರ್ಟರ್ ಮೋಟರ್) ಹೊಡೆದರೆ ಸ್ಟಾರ್ಟ್ ಆಗುತ್ತದೆ. ಮುಕ್ಕಾಲು ಗಂಟೆ ಚೆನ್ನಾಗಿ ಓಡುತ್ತದೆ. ಆಮೇಲೆ ಘಾಟಿಯ ಮಧ್ಯೆ ಎಲ್ಲೋ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಹೊರಡುತ್ತದೆ. ಗ್ಯಾರೇಜಿಗೆ ತಂದರೆ ರೋಗವೇ ಇರುವುದಿಲ್ಲ. ಮಿಲಿಟರಿ ಡಿಸ್ಪೋಸಲ್‌ನಲ್ಲಿ ಬಂದ ಪೆಟ್ರೋಲ್ ಗಾಡಿ ಇಟ್ಟುಕೊಂಡವರಿಗೆ ಈ ಕಥೆ ಹೊಸದಲ್ಲ.

ನಾನಿಲ್ಲಿ ಹೇಳುತ್ತಿರುವುದು ಜೋಂಗಾ ವಿಷಯ. ನಿಸ್ಸಾನ್ ಪ್ಯಾಟ್ರೋಲ್ ಗಾಡಿಯ ವಿನ್ಯಾಸ ತಂದು ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ 1969ರಿಂದ 1999ರವರೆಗೆ ನಮ್ಮ ಸೇನೆಗೆ ಮಾಡಿಕೊಟ್ಟ ಗಾಡಿ ಅದು. ಆರು ಸಿಲಿಂಡರ್, 3,956 ಸಿಸಿ, ಪೆಟ್ರೋಲ್. ಸ್ಪಾರ್ಕಿನ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟು, ಅದು ಸುಡದಂತೆ ಕಾಯುವ ಕಂಡೆನ್ಸರು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರು, ಇಂಜಿನ್ನಿನಿಂದಲೇ ಓಡುತ್ತಾ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸಿ ಪಂಪು. ಕಂಪ್ಯೂಟರ್ ಅನ್ನುವ ಮಾತೇ ಇಲ್ಲ. ಜಿಪ್ಸಿ, ಮಹೀಂದ್ರ ಜೀಪುಗಳು ಬಂದ ಮೇಲೆ ಇವು ಹರಾಜಿಗೆ ಬಂದವು. ಸೇನೆಗೆ ಹೋಗಿಬಂದವರು ತುಂಬಿರುವ ಕೊಡಗಿನಲ್ಲಿ ಬಹಳಷ್ಟು ಜೋಂಗಾಗಳು ಕಾಫಿ ತೋಟ ಸೇರಿದವು. ಪೆಟ್ರೋಲ್ ಖರ್ಚು ತಾಳಲಾರದೆ ಎಷ್ಟೋ ಜನ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ಮೂಲ ಇಂಜಿನ್ ಉಳಿಸಿಕೊಂಡ ಹಟವಾದಿಗಳಿಗೆ ಈ ಬರಹ. ಹಳೇ ವಿಲ್ಲಿಸ್ ಜೀಪಿಗೂ ಇದರಲ್ಲಿ ಮುಕ್ಕಾಲು ಪಾಲು ಹಾಗೇ ಹೊಂದುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಿಸಿಯಲ್ಲಿ ಬರುವ ದೋಷವನ್ನು ಬಿಸಿಯಲ್ಲೇ ನೋಡಬೇಕು. ಗಾಡಿ ನಿಂತ ಮೊದಲ ಐದು ನಿಮಿಷದಲ್ಲಿ ರಸ್ತೆ ಬದಿಯಲ್ಲೇ ಏನು ನೋಡುತ್ತೀರೋ ಅದೇ ಸಾಕ್ಷಿ. ತಣ್ಣಗಾದ ಮೇಲೆ ಎಷ್ಟು ದೊಡ್ಡ ಮೆಕ್ಯಾನಿಕ್ ಬಂದರೂ ಅವನು ಮಾಡುವುದು ಊಹೆ ಮಾತ್ರ. ಆ ಊಹೆಯ ಬಿಲ್ಲು ನಿಮಗೆ ಬರುತ್ತದೆ.

ಸುಬೇದಾರ್ ಸಾಹೇಬರ ಡೈರಿ

ಹೋದ ವರ್ಷ ನನ್ನ ಹತ್ತಿರ ಬಂದ ಜೋಂಗಾ ಒಬ್ಬ ನಿವೃತ್ತ ಸುಬೇದಾರರದು. ಅಷ್ಟರಲ್ಲಿ ಬೇರೆ ಕಡೆ ಕಾರ್ಬೊರೇಟರ್ ಕಿಟ್ ಬದಲಾಗಿತ್ತು. ಎಸಿ ಪಂಪ್ ಹೊಸದು. ಪೆಟ್ರೋಲ್ ಪೈಪಿಗೆ ಆಸ್ಬೆಸ್ಟಾಸ್ ದಾರ ಸುತ್ತಿಸಿದ್ದರು. ಸ್ಪಾರ್ಕಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್ ಕೂಡ ಎರಡು ತಿಂಗಳ ಹಿಂದೆ ಹಾಕಿದ್ದು. ಆದರೂ ಗಾಡಿ ನಿಲ್ಲುತ್ತಿತ್ತು.

"ವೇಪರ್ ಲಾಕ್ ಮಾರಾಯ, ಬೇರೆ ಎಂಥದೂ ಅಲ್ಲ. ಪಂಪಿನ ಮೇಲೆ ಒದ್ದೆ ಗೋಣಿ ಹಾಕಿ ಇಪ್ಪತ್ತು ನಿಮಿಷ ಕೂತ್ರೆ ಸರಿ ಆಗ್ತದೆ" ಅಂದರು. ಪೆಟ್ರೋಲ್ ಪೈಪಿನಲ್ಲೇ ಕಾದು ಆವಿಯಾಗಿ ದಾರಿ ಕಟ್ಟುವುದಕ್ಕೆ ವೇಪರ್ ಲಾಕ್ ಅನ್ನುತ್ತಾರೆ.

"ಗೋಣಿ ಹಾಕದೆ ಇಪ್ಪತ್ತು ನಿಮಿಷ ಕೂತು ನೋಡಿದ್ದೀರಾ ಸಾರ್?" ಅಂತ ಕೇಳಿದೆ.

ನೋಡಿರಲಿಲ್ಲ. ಯಾರೂ ನೋಡುವುದಿಲ್ಲ. ಒದ್ದೆ ಗೋಣಿಯಿಂದ ಪಂಪ್ ತಣ್ಣಗಾಗುವುದು ನಿಜ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ಕಾಯಿಲ್, ಕಂಡೆನ್ಸರ್, ಕಾರ್ಬೊರೇಟರ್ ಎಲ್ಲವೂ ತಣ್ಣಗಾಗುತ್ತವೆ. ಗುಣ ಆದದ್ದು ಯಾವುದರಿಂದ ಅಂತ ಹೇಗೆ ಗೊತ್ತಾಗಬೇಕು?

ಅವರ ಹತ್ತಿರ ಇನ್ನೊಂದು ವಸ್ತು ಇತ್ತು, ಅದು ಬಂಗಾರ. ಸೇನೆಯಲ್ಲಿ ಪ್ರತಿ ಗಾಡಿಗೂ ಕಾರ್ ಡೈರಿ ಅಂತ ಇರುತ್ತದೆ. ಹೊರಡುವ ಮುಂಚೆ ಫಸ್ಟ್ ಪರೇಡ್, ನಿಂತಲ್ಲಿ ಹಾಲ್ಟ್ ಪರೇಡ್, ವಾಪಸ್ ಬಂದ ಮೇಲೆ ಲಾಸ್ಟ್ ಪರೇಡ್ ಅಂತ ತಪಾಸಣೆ. ಆ ಅಭ್ಯಾಸ ಇವರಿಗೆ ಬಿಟ್ಟಿಲ್ಲ. ಗಾಡಿ ನಿಂತಾಗಲೆಲ್ಲ ದಿನಾಂಕ, ಕಿಲೋಮೀಟರು, ಹೊರಟ ಹೊತ್ತು, ನಿಂತ ಹೊತ್ತು, ಜಾಗ ಬರೆದಿಟ್ಟಿದ್ದರು. ಹನ್ನೊಂದು ಸಲ.

ಓದುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸಂಪಾಜೆ ಘಾಟಿಯಲ್ಲಿ ನಿಂತದ್ದು ಜಾಸ್ತಿ ಸಲ, ಸರಿ. ಆದರೆ ಪಿರಿಯಾಪಟ್ಟಣದ ದಾರಿಯಲ್ಲಿ ಸಪಾಟು ರಸ್ತೆಯಲ್ಲೂ ಮೂರು ಸಲ ನಿಂತಿದೆ. ಡಿಸೆಂಬರಿನ ಬೆಳಿಗ್ಗೆ ಏಳೂವರೆಗೆ, ಮಂಜಿನಲ್ಲಿ ಕೂಡ ಒಂದು ಸಲ. ಎಲ್ಲ ಕಡೆ ಸಮಾನವಾಗಿದ್ದದ್ದು ಒಂದೇ: ಹೊರಟ 35ರಿಂದ 45 ನಿಮಿಷದ ಒಳಗೆ. ವೇಪರ್ ಲಾಕ್ ಆಗಿದ್ದರೆ ಬಿಸಿಲು, ಏರು, ನಿಧಾನ ಇವುಗಳ ಲೆಕ್ಕ ಬರಬೇಕಿತ್ತು. ಇಲ್ಲಿ ಗಡಿಯಾರದ ಲೆಕ್ಕ ಬಂದಿತ್ತು. ತನ್ನಷ್ಟಕ್ಕೇ ಕಾಯುವ ಯಾವುದೋ ವಸ್ತು ಇದಕ್ಕೆ ಕಾರಣ ಅನ್ನುವ ಅನುಮಾನ ಶುರುವಾಯಿತು.

ಗಾಡಿ ಹೇಗೆ ನಿಂತಿತು ಅನ್ನುವುದನ್ನೂ ಕೇಳಿ. ಕೀ ಆಫ್ ಮಾಡಿದ ಹಾಗೆ ಪಕ್ಕನೆ ನಿಂತರೆ ಸಾಮಾನ್ಯವಾಗಿ ಕರೆಂಟಿನ ದೋಷ. ಎಳೆಯಲಾರದೆ, ಜಗ್ಗಿ ಜಗ್ಗಿ, ಅರ್ಧ ಕಿಲೋಮೀಟರ್ ಒದ್ದಾಡಿ ನಿಂತರೆ ಪೆಟ್ರೋಲಿನದು. ಒದ್ದಾಡುತ್ತಿರುವಾಗ ಚೋಕ್ (ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ) ಸ್ವಲ್ಪ ಎಳೆದು ನೋಡಿ. ಚೋಕ್ ಎಳೆದ ಕೂಡಲೇ ಒಂದು ಕ್ಷಣ ಚೇತರಿಸಿಕೊಂಡರೆ ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಅರ್ಥ. ಸುಬೇದಾರರ ಪ್ರಕಾರ ಅವರ ಗಾಡಿ "ಸ್ವಿಚ್ ತೆಗ್ದ ಹಾಗೆ" ನಿಲ್ಲುತ್ತಿತ್ತು.

ಜೋಡುಪಾಲದ ಹತ್ತಿರ, ಗಾಡಿ ನಿಂತಾಗ

ಗ್ಯಾರೇಜಿನಲ್ಲಿ ಏನೂ ಬಿಚ್ಚಲಿಲ್ಲ. ಬ್ಯಾಗಿಗೆ ನಾಲ್ಕು ವಸ್ತು ಹಾಕಿಕೊಂಡೆ: 12 ವೋಲ್ಟಿನ ಟೆಸ್ಟ್ ಲೈಟು, ಮೀಟರು, ಒಂದು ಹಳೇ ಸ್ಪಾರ್ಕ್ ಪ್ಲಗ್ಗು, ವೈರಿಗೆ ಕ್ಲಿಪ್ ಹಾಕಿದ ಒಂದು ಒಳ್ಳೇ ಕಂಡೆನ್ಸರು. ಇಬ್ಬರೂ ಸುಳ್ಯದ ಕಡೆಗೆ ಇಳಿದು, ಅಲ್ಲಿಂದ ವಾಪಸ್ ಮಡಿಕೇರಿಗೆ ಹತ್ತಿದೆವು. ಜೋಡುಪಾಲ ದಾಟುವ ಮೊದಲೇ ನಿಂತಿತು. ನಿಲ್ಲಲಿ ಅಂತಲೇ ಹೋಗಿದ್ದೆವು, ಆದರೂ ಅದು ನಿಂತಾಗ ಸ್ವಲ್ಪ ಬೇಜಾರಾಗುತ್ತದೆ, ಅಲ್ವಾ?

ಏರಿನಲ್ಲಿ ನಿಂತ ಗಾಡಿಗೆ ಮೊದಲು ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಗೇರ್ ನ್ಯೂಟ್ರಲ್, ಯಾಕೆಂದರೆ ಮುಂದೆ ಸೆಲ್ಫ್ ಹೊಡೆಯುವುದಿದೆ. ರೇಡಿಯೇಟರ್ ಮುಚ್ಚಳ ಮುಟ್ಟುವಂತಿಲ್ಲ. ಸಿಗರೇಟು ದೂರ.

ಮೊದಲ ಪರೀಕ್ಷೆಗೆ ಐದು ಸೆಕೆಂಡು ಸಾಕು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಕಿವಿ ಕೊಡಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಕಳೆದುಹೋದ ಮುಚ್ಚಳದ ಜಾಗಕ್ಕೆ ಯಾವುದೋ ಲಾರಿಯ ರಂಧ್ರವಿಲ್ಲದ ಮುಚ್ಚಳ ಹಾಕಿದ ಗಾಡಿಗಳನ್ನು ಎಷ್ಟೋ ನೋಡಿದ್ದೇನೆ. ಪಂಪ್ ಎಳೆಯುತ್ತದೆ, ಟ್ಯಾಂಕಿಗೆ ಗಾಳಿ ಹೋಗುವುದಿಲ್ಲ, ಕೊನೆಗೆ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಸುಬೇದಾರರ ಗಾಡಿಯಲ್ಲಿ ಸದ್ದಿಲ್ಲ. ಮುಚ್ಚಳ ವಾಪಸ್ ಬಿಗಿ ಮಾಡಿ ಮುಂದಕ್ಕೆ ಹೋದೆ.

ಎರಡನೆಯದು ಸ್ಪಾರ್ಕ್. ಪೆಟ್ರೋಲ್ ಪೈಪಿಗೆ ಕೈ ಹಾಕುವ ಮೊದಲೇ ಇದನ್ನು ನೋಡಬೇಕು. ತಣ್ಣಗಾಗುವುದಕ್ಕೆ ಮುಂಚೆ ನೋಡಬೇಕು ಅನ್ನುವುದು ಒಂದು ಕಾರಣ. ಪೈಪ್ ಬಿಚ್ಚಿ ಪೆಟ್ರೋಲ್ ಚೆಲ್ಲಿದ ಮೇಲೆ ಕಿಡಿ ಹಾರಿಸಿದರೆ ಗಾಡಿಗೇ ಬೆಂಕಿ ಬೀಳುತ್ತದೆ ಅನ್ನುವುದು ಇನ್ನೊಂದು. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿನ ದಪ್ಪ ವೈರ್, ಅಂದರೆ ಕಾಯಿಲಿನಿಂದ ಬರುವ ವೈರ್, ಅದನ್ನು ಎಳೆದು ಹಳೇ ಪ್ಲಗ್ಗಿಗೆ ಸಿಕ್ಕಿಸಿ. ಪ್ಲಗ್ಗಿನ ಮೈ ಬ್ಲಾಕಿಗೆ ಚೆನ್ನಾಗಿ ತಾಗಿರಲಿ, ಕಾರ್ಬೊರೇಟರಿನಿಂದ ದೂರ ಇರಲಿ. ಕೈಯಲ್ಲಿ ಹಿಡಿಯಬೇಡಿ. ಬಾನೆಟ್ ಕೆಳಗೆ ನೆರಳು ಮಾಡಿಕೊಂಡು ನೋಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಬಣ್ಣದ, ಚಟ್ ಚಟ್ ಅನ್ನುವ ಕಿಡಿ ಬಂದರೆ ಕಾಯಿಲ್ ತನಕ ಸರಿ ಇದೆ. ಕೆಂಪಗೆ ಸೊರಗಿದ ಕಿಡಿ ಬಂದರೆ ಅರ್ಧ ರೋಗ. ಕಿಡಿಯೇ ಇಲ್ಲದಿದ್ದರೆ ಕಾರ್ಬೊರೇಟರ್ ಕಡೆ ತಿರುಗಿಯೂ ನೋಡಬೇಡಿ.

ನಮಗೆ ಕಿಡಿ ಬರಲಿಲ್ಲ. ಸುಬೇದಾರರು ಮಾತಾಡಲಿಲ್ಲ. ಕಾರ್ಬೊರೇಟರ್ ಕಿಟ್ಟಿಗೆ ಕೊಟ್ಟ ದುಡ್ಡು ನೆನಪಾಯಿತೋ ಏನೋ.

ಇನ್ನು ಟೆಸ್ಟ್ ಲೈಟಿನ ಕೆಲಸ. ಲೈಟಿನ ಕ್ಲಿಪ್ ಬಾಡಿಗೆ ಹಾಕಿ, ಕೀ ಆನ್ ಮಾಡಿ, ಕಾಯಿಲಿನ ಪ್ಲಸ್ ಕಡೆ ಮುಟ್ಟಿಸಿದೆ. ಹತ್ತಿತು. ಅಂದರೆ ಕೀಯಿಂದ ಕರೆಂಟ್ ಬರುತ್ತಿದೆ. ಆಮೇಲೆ ಮೈನಸ್ ಕಡೆ, ಅಂದರೆ ಪಾಯಿಂಟಿಗೆ ಹೋಗುವ ಸಣ್ಣ ವೈರಿನ ಕಡೆ ಇಟ್ಟು ಸೆಲ್ಫ್ ಹೊಡೆಸಿದೆ. ಇಲ್ಲಿ ಲೈಟು ಮಿಣ ಮಿಣ ಅನ್ನಬೇಕು. ಪಾಯಿಂಟ್ ತೆರೆದಾಗ ಹತ್ತುತ್ತದೆ, ಮುಚ್ಚಿದಾಗ ಆರುತ್ತದೆ. ಮಿಣುಕದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಮುಖ ಸುಟ್ಟು ಕರೆಂಟ್ ದಾಟುತ್ತಿಲ್ಲ. ಹತ್ತದೇ ಇದ್ದರೆ ಎರಡು ಸಾಧ್ಯತೆ. ಆಗ ಕಾಯಿಲಿನ ಮೈನಸ್‌ನಿಂದ ಡಿಸ್ಟ್ರಿಬ್ಯೂಟರ್ ವೈರ್ ಬಿಚ್ಚಿ ಮತ್ತೆ ಮುಟ್ಟಿಸಿ. ಈಗ ಹತ್ತಿದರೆ ಪಾಯಿಂಟ್ ತೆರೆಯುತ್ತಿಲ್ಲ ಅಥವಾ ಕಂಡೆನ್ಸರ್ ಶಾರ್ಟ್ ಆಗಿದೆ. ಈಗಲೂ ಹತ್ತದಿದ್ದರೆ ಕಾಯಿಲಿನ ಒಳಗೇ ತಂತಿ ತುಂಡಾಗಿದೆ.

ನಮ್ಮಲ್ಲಿ ಲೈಟು ಸರಿಯಾಗಿ ಮಿಣುಕಿತು. ಪಾಯಿಂಟ್ ತನ್ನ ಕೆಲಸ ಮಾಡುತ್ತಿದೆ. ಉಳಿದದ್ದು ಕಂಡೆನ್ಸರ್ ಅಥವಾ ಕಾಯಿಲ್. ಹಳೇ ಕಂಡೆನ್ಸರಿನ ವೈರ್ ಕಳಚಿ, ಬ್ಯಾಗಿನಲ್ಲಿದ್ದುದನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿ ನೋಡಿದೆ. ವ್ಯತ್ಯಾಸವಿಲ್ಲ. ಇಲ್ಲಿಗೆ ನಾಲ್ಕು ನಿಮಿಷ ಆಗಿತ್ತು. ಕಾಯಿಲಿನ ಮೇಲೆ ಬೆರಳಿಟ್ಟರೆ ಮೂರು ಎಣಿಸುವಷ್ಟು ಹೊತ್ತೂ ಇಡಲಾಗಲಿಲ್ಲ. ಕಾಯಿಲ್ ಬಿಸಿಯಾಗುವುದು ಸಹಜ, ಆದರೆ ಇದು ಕಾವಲಿಯ ಬಿಸಿ.

ಈಗ ಗೋಣಿಯ ಸರದಿ ಬಂತು. ರಸ್ತೆ ಪಕ್ಕದ ತೊರೆಯಲ್ಲಿ ಅದ್ದಿ, ಹಿಂಡಿ, ಪಂಪಿನ ಮೇಲೆ ಹಾಕದೆ ಬರೇ ಕಾಯಿಲಿಗೆ ಸುತ್ತಿದೆ. ತುದಿಯ ಟರ್ಮಿನಲ್‌ಗಳಿಗೆ ನೀರು ಸೋಕದ ಹಾಗೆ. ಕೀ ಆಫ್. ಮೂರು ನಿಮಿಷ ಬಿಟ್ಟು ಸೆಲ್ಫ್ ಹೊಡೆದಾಗ ಪ್ಲಗ್ಗಿನಲ್ಲಿ ಕಿಡಿ ಬಂತು. ಪಂಪ್ ಇನ್ನೂ ಸುಡುತ್ತಿತ್ತು. ಪೈಪ್ ಸುಡುತ್ತಿತ್ತು. ವೈರ್ ವಾಪಸ್ ಹಾಕಿದ ಕೂಡಲೇ ಗಾಡಿ ಸ್ಟಾರ್ಟ್ ಆಯಿತು.

ಒಂದು ವೇಳೆ ಕಾಯಿಲಿನ ವೈರಿನಲ್ಲಿ ಒಳ್ಳೇ ಕಿಡಿ ಇದ್ದು ಪ್ಲಗ್ಗಿಗೆ ಮಾತ್ರ ಬರದಿದ್ದರೆ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಮತ್ತು ಅದರ ಮುಚ್ಚಳ ನೋಡಬೇಕು. ಮಳೆಗಾಲದಲ್ಲಿ ಇದೇ ಮುಚ್ಚಳದ ಒಳಗೆ ನೀರಿನ ಪಸೆ ಕೂತು ಬೆಳಿಗ್ಗೆ ಸ್ಟಾರ್ಟ್ ಆಗದ ರೋಗ ಬೇರೆ. ಅದು ಒಣ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಹೊಸ ಕಾಯಿಲ್ ಯಾಕೆ ಸತ್ತಿತು

ಇಲ್ಲಿಗೆ ನಿಲ್ಲಿಸಿ ಇನ್ನೊಂದು ಕಾಯಿಲ್ ಹಾಕಿದ್ದರೆ ಎರಡು ತಿಂಗಳಿಗೆ ಅದೂ ಹೋಗುತ್ತಿತ್ತು. ಹೊಸ ಕಾಯಿಲ್ ಇಷ್ಟು ಬೇಗ ಕೆಟ್ಟಿದೆ ಅಂದರೆ ಅದನ್ನು ಯಾರೋ ಸುಡುತ್ತಿದ್ದಾರೆ.

12 ವೋಲ್ಟಿನ ಗಾಡಿಗೆ ಬರುವ ಕಾಯಿಲ್‌ಗಳಲ್ಲಿ ಎರಡು ಜಾತಿ. ಒಂದಕ್ಕೆ ಪ್ಲಸ್ ಮೈನಸ್ ನಡುವೆ ಸುಮಾರು 3 ಓಮ್ ಇರುತ್ತದೆ, ಅದು ನೇರ 12 ವೋಲ್ಟಿಗೆ ಆಗುತ್ತದೆ. ಇನ್ನೊಂದಕ್ಕೆ ಸುಮಾರು 1.5 ಓಮ್. ಅದಕ್ಕೆ ದಾರಿಯಲ್ಲಿ ಕರೆಂಟ್ ತಗ್ಗಿಸುವ ಒಂದು ಬ್ಯಾಲಸ್ಟ್ ರೆಸಿಸ್ಟರ್ ಬೇಕೇ ಬೇಕು. ಬಿಳಿ ಪಿಂಗಾಣಿ ತುಂಡಿನ ರೂಪದಲ್ಲಿ ಇರಬಹುದು, ಅಥವಾ ವೈರೇ ರೆಸಿಸ್ಟೆನ್ಸ್ ವೈರ್ ಆಗಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಕಾಯಿಲ್ ಅಣ್ಣತಮ್ಮಂದಿರ ಹಾಗೆ.

ಮೀಟರ್ ಇಟ್ಟು ನೋಡಿದೆ. ಕಾಯಿಲ್ 1.5 ಓಮ್. ಕೀ ಆನ್, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಕಾಯಿಲಿನ ಪ್ಲಸ್‌ನಲ್ಲಿ 11.6 ವೋಲ್ಟ್. ಬ್ಯಾಲಸ್ಟ್ ಇದ್ದಿದ್ದರೆ ಆರೇಳು ವೋಲ್ಟ್ ಬರಬೇಕಿತ್ತು. ವೈರ್ ಹಿಡಿದು ಹಿಂದಕ್ಕೆ ಹೋದರೆ ಅಲ್ಲೇ ಇತ್ತು ಕಥೆ. ಯಾರೋ ವೈರಿಂಗ್ ಹೊಸದು ಮಾಡುವಾಗ ಬ್ಯಾಲಸ್ಟ್ ಕಿತ್ತು ಹಾಕಿ, ನೇರ ತಾಮ್ರದ ವೈರ್ ಎಳೆದಿದ್ದರು. ಆಮೇಲೆ ಬಂದವರು ಅಂಗಡಿಯಲ್ಲಿ ಸಿಕ್ಕ ಕಾಯಿಲ್ ಹಾಕಿದ್ದರು. ಸಾಲದ್ದಕ್ಕೆ ಅದನ್ನು ಇಂಜಿನ್ ಬ್ಲಾಕಿಗೇ ಕ್ಲಾಂಪ್ ಮಾಡಿದ್ದರು.

ಲೆಕ್ಕ ಸುಲಭ. 12 ವೋಲ್ಟನ್ನು 3 ಓಮ್‌ನಿಂದ ಭಾಗಿಸಿದರೆ 4 ಆಂಪ್, ಅಂದರೆ 48 ವ್ಯಾಟ್. 1.5 ಓಮ್ ಆದರೆ 8 ಆಂಪ್, 96 ವ್ಯಾಟ್. ಆರು ಸಿಲಿಂಡರಿನಲ್ಲಿ ಪಾಯಿಂಟ್ ನೂರಕ್ಕೆ ಸುಮಾರು ಅರವತ್ತು ಭಾಗದಷ್ಟು ಹೊತ್ತು ಮುಚ್ಚಿಯೇ ಇರುತ್ತದೆ. ಓಡುವಾಗ ಪೂರ್ತಿ 8 ಆಂಪ್ ಏರಲು ಸಮಯ ಸಿಗುವುದಿಲ್ಲ, ನಿಜ. ಆದರೂ ಒಂದು ಸೋಲ್ಡರಿಂಗ್ ಐರನ್ನನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ ಹಾಗೆಯೇ. ಮುಕ್ಕಾಲು ಗಂಟೆಯಲ್ಲಿ ಒಳಗಿನ ಸುತ್ತು ಹಿಗ್ಗಿ, ಇನ್ಸುಲೇಶನ್ ಕೈಬಿಟ್ಟು, ಕಿಡಿ ಹೋಗುತ್ತದೆ. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಡೈರಿಯ ಗಡಿಯಾರದ ಲೆಕ್ಕ ಬಂದದ್ದು ಹೀಗೆ.

ಇದೇ ಕಾರಣಕ್ಕೆ ಗಾಡಿ ನಿಂತಾಗ ಕೀ ಆನ್ ಇಟ್ಟು ಟೀ ಕುಡಿಯಲು ಹೋಗಬೇಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಇಂಜಿನ್ ನಿಂತಿದ್ದರೆ ಕಾಯಿಲ್ ತಣ್ಣಗಾಗುವ ಬದಲು ಇನ್ನಷ್ಟು ಬೇಯುತ್ತದೆ.

3 ಓಮಿನ ಕಾಯಿಲ್ ತಂದು, ಬ್ಲಾಕಿನಿಂದ ತೆಗೆದು, ಗಾಳಿ ಆಡುವ ಕಡೆ ಬಾಡಿಯ ಗೋಡೆಗೆ ಕೂರಿಸಿದೆ. 8 ಆಂಪಿನ ಹೊಡೆತಕ್ಕೆ ಪಾಯಿಂಟಿನ ಮುಖ ಗುಳಿ ಬಿದ್ದಿತ್ತು, ಅದನ್ನೂ ಕಂಡೆನ್ಸರನ್ನೂ ಬದಲಿಸಿ ಗ್ಯಾಪ್ ಇಟ್ಟೆ. ಬ್ಯಾಲಸ್ಟ್ ವಾಪಸ್ ಹಾಕುವ ದಾರಿಯೂ ಇದೆ. ಆದರೆ ಆಗ ಸೆಲ್ಫ್ ಹೊಡೆಯುವಾಗ ಬ್ಯಾಲಸ್ಟ್ ಬಿಟ್ಟು ನೇರ ಕರೆಂಟ್ ಕೊಡುವ ಇನ್ನೊಂದು ವೈರ್ ಬೇಕು. ಹಳೇ ಗಾಡಿಯಲ್ಲಿ ವೈರ್ ಕಡಿಮೆ ಇದ್ದಷ್ಟೂ ಒಳ್ಳೆಯದು ಅನ್ನುವವನು ನಾನು.

ಒಂದು ಎಚ್ಚರಿಕೆ. ಈ ಗಾಡಿಯದು 12 ವೋಲ್ಟ್. ಡಿಸ್ಪೋಸಲ್ ಗಾಡಿಗಳಲ್ಲಿ 24 ವೋಲ್ಟಿನವೂ ಬರುತ್ತವೆ, ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. ಮೇಲಿನ ಅಂಕಿಗಳು ಅದಕ್ಕಲ್ಲ, 12 ವೋಲ್ಟಿನ ಕಾಯಿಲೂ ಟೆಸ್ಟ್ ಲೈಟೂ ಅದಕ್ಕಲ್ಲ. ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ 12 ವೋಲ್ಟ್ ತೆಗೆದು ಮ್ಯೂಸಿಕ್ ಸಿಸ್ಟಂ ಹಾಕುವ ಬುದ್ಧಿವಂತರಿದ್ದಾರೆ. ಆ ಬ್ಯಾಟರಿ ಸದಾ ಹಸಿದಿರುತ್ತದೆ, ಪಕ್ಕದ್ದು ಜಾಸ್ತಿ ಚಾರ್ಜ್ ಆಗಿ ಕುದಿಯುತ್ತದೆ, ವರ್ಷದೊಳಗೆ ಎರಡೂ ಹೋಗುತ್ತವೆ.

ಕಿಡಿ ಇದ್ದರೆ?

ಆಗ ಪೆಟ್ರೋಲ್. ಏರ್ ಕ್ಲೀನರ್ ತೆಗೆದು ಕಾರ್ಬೊರೇಟರಿನ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಕೈಯಿಂದ ಎಳೆಯಿರಿ. ಪಿಚಕಾರಿಯ ಹಾಗೆ ಪೆಟ್ರೋಲ್ ಚಿಮ್ಮಿದರೆ ಕಾರ್ಬೊರೇಟರಿನ ಬೌಲಿನಲ್ಲಿ, ಅಂದರೆ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ, ಪೆಟ್ರೋಲ್ ಇದೆ. ಒಣಗಿದ್ದರೆ ಪಂಪಿನ ಕಡೆ ನೋಡಿ. ಘಾಟು ವಾಸನೆ ಬಂದು ಒಳಗೆಲ್ಲ ಒದ್ದೆಯಾಗಿದ್ದರೆ ಬೌಲಿನ ಪೆಟ್ರೋಲ್ ಕುದಿದು ಇಂಜಿನ್ನಿಗೆ ತುಂಬಿಕೊಂಡಿದೆ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಪಂಪ್ ಮಾಡಬೇಡಿ.

ವೇಪರ್ ಲಾಕ್ ಸುಳ್ಳಲ್ಲ. ಪೆಟ್ರೋಲಿನ ಹಗುರ ಭಾಗ 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಲು ಶುರುಮಾಡುತ್ತದೆ. ಎಸಿ ಪಂಪ್ ಹಿಂದಿನಿಂದ ಎಳೆಯುವುದರಿಂದ ಟ್ಯಾಂಕ್ ಕಡೆಯ ಪೈಪಿನಲ್ಲಿ ಒತ್ತಡ ಇನ್ನೂ ಕಡಿಮೆ. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್, ಅಲ್ಲಿ ನೀರೇ 96 ಡಿಗ್ರಿಗೆ ಕುದಿಯುತ್ತದೆ. ಪೆಟ್ರೋಲ್ ಕಾಯುತ್ತದೆಯೇ? ಸೈಲೆನ್ಸರ್ ಪೈಪಿನ ಪಕ್ಕ ಹಾದುಹೋಗುವ ಪೆಟ್ರೋಲ್ ಪೈಪನ್ನು ನಾಲ್ಕು ಬೆರಳು ದೂರ ಸರಿಸಿದರೇ ಎಷ್ಟೋ ಗಾಡಿ ಸರಿಹೋಗುತ್ತವೆ. ದಾರ ಸುತ್ತುವುದಕ್ಕಿಂತ ಅದು ಮೇಲು.

ಇನ್ನೊಂದು ಕಳ್ಳ ರೋಗ ಟ್ಯಾಂಕಿನ ತುಕ್ಕು. ಓಡುವಾಗ ತುಕ್ಕಿನ ಪುಡಿ ಪೈಪಿನ ಬಾಯಿಗೆ ಬಂದು ಮುಚ್ಚುತ್ತದೆ. ಗಾಡಿ ನಿಂತ ಮೇಲೆ ಕೆಳಗೆ ಕೂರುತ್ತದೆ. ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್! ನೋಡಿದವರಿಗೆ ಇದೂ ಬಿಸಿಯ ರೋಗದ ಹಾಗೇ ಕಾಣುತ್ತದೆ. ವ್ಯತ್ಯಾಸ ಒಂದೇ, ಇದು ಹೊರಟ ಐದು ನಿಮಿಷಕ್ಕೂ ಬರಬಹುದು. ಪಂಪಿಗೆ ಗಾಜಿನ ಬೌಲ್ ಇದ್ದರೆ ಅದರ ತಳದಲ್ಲಿ ಕಂದು ಪುಡಿ ಕಾಣುತ್ತದೆ.

ಈ ನಡುವೆ ಎಥನಾಲ್ ಬೇರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಜೋಂಗಾ ಇಂಜಿನ್ನಿನ ರಬ್ಬರುಗಳು ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಇರುವ ಪೆಟ್ರೋಲಿಗೆ ಮಾಡಿದವಲ್ಲ. ಪಂಪಿನೊಳಗಿನ ಹಳೇ ಡಯಾಫ್ರಮ್ (ರಬ್ಬರ್ ಪೊರೆ) ಗಡುಸಾಗಿ ಬಿರುಕು ಬಿಡುತ್ತದೆ, ಹೋಸ್ ಮೆತ್ತಗಾಗುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಟ್ಯಾಂಕಿನಲ್ಲಿ ಎಥನಾಲ್ ಗಾಳಿಯ ಪಸೆ ಹೀರಿಕೊಳ್ಳುತ್ತದೆ. ಕೊಡಗಿನ ಮಳೆಗಾಲದಲ್ಲಿ ಪಸೆಗೆ ಬರವಿಲ್ಲ. ಹೋಸ್ ಬದಲಿಸುವಾಗ ಮೈಮೇಲೆ 30ಆರ್9 (30R9, ಹೋಸಿನ ದರ್ಜೆಯ ಗುರುತು) ಅಂತ ಅಚ್ಚಾಗಿರುವುದನ್ನೇ ಕೇಳಿ ತನ್ನಿ.

ಮತ್ತೊಮ್ಮೆ ನಿಂತಿತು

ಕಾಯಿಲ್ ಹಾಕಿ ಐದು ತಿಂಗಳು ಸಲೀಸಾಗಿ ಓಡಿತು. ಏಪ್ರಿಲ್ಲಿನಲ್ಲಿ ಸುಬೇದಾರರ ಫೋನ್ ಬಂತು.

"ಮಾರಾಯ, ನಿನ್ನ ಕಾಯಿಲ್ ಕೈ ಕೊಟ್ಟಿತು."

"ಹೇಗೆ ನಿಂತಿತು ಸಾರ್? ಪಕ್ಕನೆಯಾ, ಜಗ್ಗಿ ಜಗ್ಗಿಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಜಗ್ಗಿತು. ಚೋಕ್ ಎಳೆದೆ, ಸ್ವಲ್ಪ ಬಂತು, ಮತ್ತೆ ನಿಂತಿತು."

"ಕಾಯಿಲ್ ಮುಟ್ಟಿ ನೋಡಿದ್ರಾ?"

"ಬೆಚ್ಚಗಿದೆ ಅಷ್ಟೇ. ಪ್ಲಗ್ ಇಟ್ಟು ನೋಡಿದೆ, ಕಿಡಿ ನೀಲಿ ಬರ್ತದೆ."

ಅಷ್ಟು ಸಾಕಾಗಿತ್ತು. ನಾನು ಹೋಗುವಾಗ ಕಾಯಿಲ್ ತೆಗೆದುಕೊಂಡು ಹೋಗಲಿಲ್ಲ, ಒಂದು ಮೀಟರ್ ಹೋಸ್ ಕತ್ತರಿಸಿಕೊಂಡು ಹೋದೆ. ಇಂಜಿನ್ ತಣ್ಣಗಾಗಲು ಬಿಟ್ಟು, ಕಾಯಿಲ್ ವೈರ್ ಕಳಚಿಟ್ಟು, ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬಾಟಲಿಗೆ ಇಳಿಸಿ ಸೆಲ್ಫ್ ಹೊಡೆಸಿದೆ. ಮೊದಲು ಎರಡು ಸಲ ಚೆನ್ನಾಗಿ ಚಿಮ್ಮಿತು, ಆಮೇಲೆ ಹನಿ ಹನಿ. ಟ್ಯಾಂಕಿನ ಪೈಪಿಗೂ ಪಂಪಿಗೂ ನಡುವೆ ಗೇಣುದ್ದದ ರಬ್ಬರ್ ಹೋಸ್ ಇತ್ತು. ಹೊರಗೆ ನೋಡಿದರೆ ಹೊಸದರ ಹಾಗಿತ್ತು, ಬಿರುಕಿಲ್ಲ, ಸೋರಿಕೆಯಿಲ್ಲ. ಕಳಚಿ ಬಾಯಿಂದ ಊದಿದರೆ ಗಾಳಿ ಸಲೀಸಾಗಿ ಹೋಯಿತು. ಅದೇ ತುದಿಯಿಂದ ಎಳೆದರೆ ಕಟ್ಟಿಕೊಂಡಿತು.

ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಬೇದಾರರ ಕೈಯಲ್ಲಿಟ್ಟೆ. ಒಳಗಿನ ಪದರ ಕಾದ ಹಾಲಿನ ಕೆನೆಯ ಹಾಗೆ ಮೈಬಿಟ್ಟು ಎದ್ದಿತ್ತು. ಬೆರಳಿನಿಂದ ಒತ್ತಿದರೆ ಮುಚ್ಚಳದಂತೆ ಬಂದು ರಂಧ್ರಕ್ಕೆ ಅಡ್ಡ ಕೂರುತ್ತಿತ್ತು. ಅವರು ಅದನ್ನು ಎರಡು ಮೂರು ಸಲ ಒತ್ತಿ ನೋಡಿ, ಡೈರಿ ತೆಗೆದು, ಹನ್ನೆರಡನೆಯದು ಅಂತ ಬರೆದುಕೊಂಡರು.